ಸುಂಟರಗಾಳಿಯ ಸೀಮೆಯಲ್ಲಿ ಹೆಣ್ಣು ತೋರಿಸಿದ್ದು

ಮೈಸೂರಿನ ಒಂದು ಮದುವೆ ಛತ್ರದ ಮ್ಯಾನೇಜರಾಗಿಯೇ ನನ್ನ ತಲೆ ನೆರೆತಿದೆ. ಬೀಗರು ಚಪ್ಪಲಿ ಬಿಡುವ ರೀತಿ ನೋಡಿಯೇ ಸಂಜೆಗೆ ಜಗಳ ಆಗುತ್ತದೋ ಇಲ್ಲವೋ ಹೇಳಬಲ್ಲೆ. ವರ ಕಾಫಿ ಲೋಟ ಹಿಡಿಯುವುದನ್ನು ನೋಡಿ ಅವನ ಸಂಸಾರ ಹೇಗಿದ್ದೀತು ಎಂದು ಅಡುಗೆ ಭಟ್ಟರೊಡನೆ ಪಂದ್ಯ ಕಟ್ಟಿ ಗೆದ್ದದ್ದೂ ಉಂಟು. ಇಂಥವನನ್ನು ಅಮೆರಿಕಕ್ಕೆ ಕಳಿಸಿದ್ದು ಅಲ್ಲಿನ ಎತ್ತರದ ಕಟ್ಟಡಗಳನ್ನು ನೋಡಿ ಬರಲಿ ಎಂದಲ್ಲ, ಒಬ್ಬ ಹುಡುಗನನ್ನು ನೋಡಿ ಬರಲಿ ಎಂದು.

ಹುಡುಗಿ ಗಿರಿಜ, ನನ್ನ ಹೆಂಡತಿ ಕಮಲಳ ಅಕ್ಕನ ಮಗಳು. ಆ ಅಕ್ಕ ತೀರಿಕೊಂಡು ಕೆಲವು ವರ್ಷಗಳಾಗಿವೆ. ಗಿರಿಜ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸದಲ್ಲಿದ್ದಳು. ಹುಡುಗ ಗುರುರಾಜ, ಧಾರವಾಡದವನು, ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ ಎಂಜಿನಿಯರು. ಹೊಸ ಕೆಲಸ, ಎರಡು ಮೂರು ದಿನಕ್ಕಿಂತ ಹೆಚ್ಚು ರಜೆ ಸಿಗದು, ಊರಿಗೆ ಬರುವಂತಿರಲಿಲ್ಲ. ಒಬ್ಬರನ್ನೊಬ್ಬರು ನೋಡಿದ್ದು ಫೋಟೋದಲ್ಲಿ ಮಾತ್ರ. ಸಂಬಂಧ ಹುಡುಕಿದವನು ಶಿಕಾಗೊ ಹತ್ತಿರ ಮನೆ ಮಾಡಿದ್ದ ಅವಳ ಸೋದರಮಾವ, ನನ್ನ ಭಾವಮೈದುನ ಮೂರ್ತಿ. ಗಿರಿಜಳ ಅಪ್ಪ ರಾಮಸ್ವಾಮಿಯವರಿಗೆ ಉಬ್ಬಸ, ವಿಮಾನ ಹತ್ತಬಾರದು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರು. ಹೀಗಾಗಿ ಹೆಣ್ಣಿನ ಕಡೆಯ ಹಿರಿಯರು ಎಂದು ನಾನೂ ಕಮಲಳೂ ಅವಳ ಜೊತೆ ಹೊರಟೆವು.

ರಾಮಸ್ವಾಮಿಯವರು ಗಟ್ಟಿ ಆಸಾಮಿ, ಮುಖದಲ್ಲಿ ಏನನ್ನೂ ತೋರಗೊಡುವವರಲ್ಲ. ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿದು ಒಂದೇ ಮಾತು ಹೇಳಿದರು. “ಹುಡುಗ ಸರಿಯಿಲ್ಲ ಅಂತ ನಿಮಗೆ ಅನ್ನಿಸಿದ್ರೆ ಹಿಂದೆಮುಂದೆ ನೋಡಬೇಡಿ. ಮಗೂನ ವಾಪಸ್ ಕರ್ಕೊಂಡ್ಬನ್ನಿ.” ಹೂಂ ಎಂದೆ. ಸಮುದ್ರ ದಾಟುವಾಗ ನನ್ನ ಸೂಟ್‌ಕೇಸಿಗಿಂತ ಆ ಮಾತೇ ಹೆಚ್ಚು ಭಾರವಾಗಿತ್ತು.

ಶಿಕಾಗೊ: ಮೂರ್ತಿಯ ಮನೆ

ನಾವು ಅಕ್ಕಪಕ್ಕದವರ ಬಗ್ಗೆ ಎಷ್ಟು ಮಾತಾಡುತ್ತೇವೋ ಅಮೆರಿಕದವರು ಹವೆಯ ಬಗ್ಗೆ ಅಷ್ಟು ಮಾತಾಡುತ್ತಾರೆ. ಪೋಸ್ಟಿನವನು, ಅಂಗಡಿಯವಳು, ನಾಯಿ ತಿರುಗಿಸಲು ಬಂದ ಮುದುಕ, ಎಲ್ಲರೂ ಮೊದಲು ಆಕಾಶ ನೋಡಿ ಆಮೇಲೆ ನಮ್ಮ ಮುಖ ನೋಡುತ್ತಿದ್ದರು. ಇದೇನು ಹುಚ್ಚು ಎಂದು ಮೊದಲು ನಕ್ಕೆ. ಏಪ್ರಿಲ್ ತಿಂಗಳು. ಬೆಳಿಗ್ಗೆ ಸ್ವೆಟರ್ ಬೇಕು ಅನ್ನಿಸಿದ್ದು ಮಧ್ಯಾಹ್ನಕ್ಕೆ ಮದರಾಸಿನಂತೆ ಬೆವರು. ಸಂಜೆಗೆ ಆಕಾಶ ತೊಳೆಯದೆ ಬಿಟ್ಟ ತಾಮ್ರದ ಹಂಡೆಯ ಕಿಲುಬಿನ ಬಣ್ಣಕ್ಕೆ ತಿರುಗಿತು. ಆಗ ನನ್ನ ನಗು ನಿಂತಿತು.

ಟೀವಿ ಪರದೆಯ ಕೆಳತುದಿಯಲ್ಲಿ ಅಕ್ಷರಗಳು ಓಡುತ್ತಿದ್ದವು. ಏನೆಂದು ವಿವರಿಸಿದವಳು ಮೂರ್ತಿಯ ಮಗಳು, ಎರಡನೇ ಕ್ಲಾಸಿನ ಶೀಲಾ. ನಾವು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು. ಸುಂಟರಗಾಳಿ ಬರಬಹುದು ಎಂದರೆ ‘ವಾಚ್’ ಅಂತೆ, ಬಂದೇಬಿಟ್ಟಿತು ಎಂದರೆ ‘ವಾರ್ನಿಂಗ್’ ಅಂತೆ, ಆಗ ಸೈರನ್ ಕೂಗುತ್ತದಂತೆ, ನೆಲದಡಿಯ ಬೇಸ್‌ಮೆಂಟಿಗೆ ಇಳಿಯಬೇಕಂತೆ. ನನಗೆ ತಕ್ಷಣ ಅರ್ಥವಾಯಿತು. ಒಂದು ಲಗ್ನಪತ್ರಿಕೆ, ಇನ್ನೊಂದು ಬೀಗರ ಬಸ್ಸು ಛತ್ರದ ಬಾಗಿಲಲ್ಲಿ ನಿಂತದ್ದು.

ಕಮಲಳಿಗೆ ಗಾಳಿಯ ಚಿಂತೆ ಇರಲಿಲ್ಲ, ಶಾಸ್ತ್ರದ ಚಿಂತೆ. “ಫೋಟೋ ನೋಡಿ ಮದುವೆ ಮಾಡಕ್ಕೆ ಇದೇನು ರೇಷನ್ ಕಾರ್ಡಾ?” ಎಂದು ತಮ್ಮನನ್ನು ತರಾಟೆಗೆ ತೆಗೆದುಕೊಂಡಳು. “ಹುಡುಗ ಇಲ್ಲಿಗೆ ಬರಲಿ. ಹೆಣ್ಣು ನೋಡೋ ಶಾಸ್ತ್ರ ಆಗಲಿ. ಆಮೇಲೆ ನಾವು ಹೋಗಿ ಅವನ ಮನೆ ನೋಡ್ಕೊಂಡು ಬರೋಣ. ಅಲ್ಲೀವರೆಗೂ ಇಬ್ರೂ ಫೋನಲ್ಲೂ ಮಾತಾಡೋ ಹಾಗಿಲ್ಲ.”

“ಅಕ್ಕ, ಇದು ಅಮೆರಿಕ,” ಎಂದ ಮೂರ್ತಿ.

“ಅಮೆರಿಕ ಆದ್ರೆ ಉಪ್ಪಿಟ್ಟು ಕೇಸರಿಬಾತು ಬೇಡ್ವಾ?”

ಮೂರ್ತಿ ಕಾರಿನ ಕೀಲಿ ತೆಗೆದುಕೊಂಡ. ರವೆ ತರಬೇಕಾಗಿತ್ತು.

ಡೆವನ್ ಅವೆನ್ಯೂ

ಈ ರಸ್ತೆಯಲ್ಲಿ ಆಗಷ್ಟೇ ನಮ್ಮವರ ಒಂದೆರಡು ಅಂಗಡಿಗಳು ಕಣ್ಣು ಬಿಡುತ್ತಿದ್ದವು. ಒಂದರಲ್ಲಿ ಸೀರೆಯ ಪಕ್ಕದಲ್ಲೇ ಇಂಗಿನ ಡಬ್ಬಿ, ಇಂಗಿನ ಪಕ್ಕದಲ್ಲೇ ಟೇಪ್‌ರೆಕಾರ್ಡರು. ರವೆ ಸಿಕ್ಕಿತು, ಏಲಕ್ಕಿ ಸಿಕ್ಕಿತು, ಕೇಸರಿ ಸಿಕ್ಕಿತು. ಕಮಲ ಮೈಸೂರಿನ ದೇವರಾಜ ಮಾರ್ಕೆಟ್ಟಿನಲ್ಲಿ ಮಾಡುವಂತೆ ರವೆಯನ್ನು ಅಂಗೈಗೆ ಹಾಕಿಕೊಂಡು ಊದಿ ನೋಡಿದಳು. ಗುಜರಾತಿ ಅಂಗಡಿಯವನು ಅಭ್ಯಾಸವಿದ್ದವನಂತೆ ಸುಮ್ಮನಿದ್ದ.

ಹೊರಗೆ ಬರುವಷ್ಟರಲ್ಲಿ ಮಳೆ. ನಮ್ಮ ಕಡೆಯ ಮಳೆ ಹೇಳಿ ಕೇಳಿ ಬರುತ್ತದೆ. ಇದು ಯಾರೋ ಮೇಲಿನಿಂದ ಕೊಳಗ ಬೋರಲು ಹಾಕಿದ ಹಾಗೆ. ಮನೆಗೆ ಮರಳುವಾಗ ಒಂದು ರೈಲು ಸೇತುವೆಯ ಕೆಳಗೆ ತಗ್ಗು. ಅಲ್ಲಿ ನೀರು ನಿಂತಿತ್ತು. ಮೂರ್ತಿ ಮುಂದಿನ ಕಾರು ದಾಟಿದ್ದನ್ನು ನೋಡಿ ತಾನೂ ನುಗ್ಗಿಸಿದ. ನಮ್ಮ ಕಾರು ನಡುನೀರಿನಲ್ಲಿ ಒಮ್ಮೆ ಬಿಕ್ಕಿ ನಿಂತುಹೋಯಿತು. ಬಾಗಿಲ ಸಂದಿಯಿಂದ ನೀರು ಒಳಗೆ ಬಂತು. ಕಮಲ ರವೆಯ ಚೀಲವನ್ನು ತಲೆಯ ಮೇಲಿಟ್ಟುಕೊಂಡಳು.

ಆಗ ಎಲ್ಲಿದ್ದರೋ, ನಾಲ್ಕೈದು ಜನ ಬೂಟು ಕಳಚಿ, ಪ್ಯಾಂಟು ಮಡಿಸಿ ನೀರಿಗಿಳಿದರು. ಅವರಲ್ಲೊಬ್ಬ ಟೈ ಕಟ್ಟಿದ್ದ, ಇನ್ನೊಬ್ಬ ಬೇಕರಿಯ ಬಿಳಿ ಏಪ್ರನ್ನಿನಲ್ಲೇ ಬಂದಿದ್ದ. ನಮ್ಮ ಊರಲ್ಲಾದರೆ ಕಾರು ತಳ್ಳುವ ಮುಂಚೆ ಯಾವೂರು, ಯಾರ ಮನೆ, ಈ ನೀರಿಗೆ ಯಾಕೆ ಇಳಿಸಿದಿರಿ ಎಂದು ಒಂದು ಪಂಚಾಯಿತಿ ಆಗುತ್ತಿತ್ತು. ಇವರು ಏನೂ ಕೇಳದೆ ತಳ್ಳಿ ದಡಕ್ಕೆ ಹಚ್ಚಿ, ಹಿಂದೆ ಸಿಕ್ಕಿಕೊಂಡಿದ್ದ ಇನ್ನೊಂದು ಕಾರಿನ ಕಡೆ ಹೋದರು. ಧನ್ಯವಾದ ಹೇಳೋಣವೆಂದರೆ ಬೆನ್ನು ಮಾತ್ರ ಕಂಡಿತು.

ಬೇಸ್‌ಮೆಂಟು

ಗುರುರಾಜ ಮರುದಿನ ಬೆಳಿಗ್ಗೆ ಲಿವೋನಿಯಾ ಬಿಟ್ಟು ಮಧ್ಯಾಹ್ನ ಕಳೆದ ಮೇಲೆ ಬಂದ. ಮುನ್ನೂರು ಮೈಲಿ ಹತ್ತಿರದ ದಾರಿ, ಅದರಲ್ಲಿ ಬಹುಪಾಲು ಗುಡುಗು ಮಳೆ. ಕಾರಿನಿಂದ ಬಾಗಿಲಿಗೆ ಬರುವಷ್ಟರಲ್ಲೇ ತೊಯ್ದು ತೊಪ್ಪೆಯಾಗಿದ್ದ. ಮೂರ್ತಿ ತನ್ನ ಪ್ಯಾಂಟು ಕೊಟ್ಟ. ಇವನು ಉದ್ದ, ಮೂರ್ತಿ ಗಿಡ್ಡ. ಕಣಕಾಲು ಕಾಣಿಸುತ್ತ ಸೋಫಾದ ತುದಿಯಲ್ಲಿ ಕೂತ. ಗಂಡಿನ ಕಡೆಯವರು ಎಂದರೆ ಅವನೊಬ್ಬನೇ.

“ದಾರಿ ಹೇಗಿತ್ತಪ್ಪ?” ಎಂದು ಕೇಳಿದೆ.

“ಛಲೋ ಇತ್ರೀ,” ಎಂದ. ಕಣ್ಣು ಕಿಟಕಿಯ ಮೇಲಿತ್ತು, ಲೋಟವನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದ. ನಾಚಿಕೆ ಎಂದುಕೊಂಡೆ.

ಗಿರಿಜ ತಟ್ಟೆಗಳನ್ನು ಹಿಡಿದು ಅಡುಗೆಮನೆಯಿಂದ ಬಂದಳು. ಮಲ್ಲಿಗೆ ಸಿಗದೆ ಕಮಲ ಅಂಗಳದ ಯಾವುದೋ ಹಳದಿ ಹೂ ಮುಡಿಸಿದ್ದಳು. ಗುರುರಾಜ ತಲೆ ಎತ್ತಿದ. ಅದೇ ಹೊತ್ತಿಗೆ ಹೊರಗೆ ಸೈರನ್ ಕೂಗಿತು. ನಮ್ಮ ಮಿಲ್ಲಿನ ಕೂಗಿನಂತೆಯೇ ಇತ್ತು, ಆದರೆ ನಿಲ್ಲಲಿಲ್ಲ.

ನಾವಿನ್ನೂ ಮುಖ ಮುಖ ನೋಡಿಕೊಳ್ಳುತ್ತಿದ್ದೆವು. ಗುರುರಾಜ ಎದ್ದ, ಟೀಪಾಯಿ ದಾಟಿದ, ಗಿರಿಜಳ ಕೈಗೆ ಭುಜ ತಾಗಿಸಿಕೊಂಡೇ ನುಗ್ಗಿ ಬೇಸ್‌ಮೆಂಟಿನ ಮೆಟ್ಟಿಲು ಧಡಧಡ ಇಳಿದುಬಿಟ್ಟ. ಒಂದು ತಟ್ಟೆ ಕೇಸರಿಬಾತು ಕಾರ್ಪೆಟ್ಟಿನ ಮೇಲೆ ಬಿತ್ತು. ಹೆಂಗಸರು, ಮಗು, ಮುದುಕನಾದ ನಾನು, ಎಲ್ಲರಿಗಿಂತ ಮೊದಲು ಮದುವೆ ಗಂಡು. ನನ್ನ ಮೈ ಉರಿದುಹೋಯಿತು.

ನಾವೂ ಇಳಿದೆವು. ಬಟ್ಟೆ ಒಗೆಯುವ ಮಿಷಿನ್ನು, ಹಳೇ ಪಿಂಗ್‌ಪಾಂಗ್ ಟೇಬಲ್ಲು, ಮೂಲೆಯಲ್ಲಿ ಶೀಲಾಳ ಸೈಕಲ್ಲು. ಬೇಸ್‌ಮೆಂಟಿನ ನೈಋತ್ಯ ಮೂಲೆಯಲ್ಲಿ ಕೂತುಕೊಳ್ಳಿ ಎಂದು ರೇಡಿಯೋದವನು ಹೇಳುತ್ತಿದ್ದ. ಕಮಲ ಅಲ್ಲೇ ನಿಂತಳು.

“ನೈಋತ್ಯದಲ್ಲಿ ಮದುವೆ ಹೆಣ್ಣನ್ನ ಕೂರಿಸ್ತಾರೇನೋ? ಅದು ರಾಕ್ಷಸರ ದಿಕ್ಕು.”

“ಅಕ್ಕ, ಗಾಳಿ ಆ ಕಡೆಯಿಂದ ಬರುತ್ತೆ. ಗೋಡೆ ಬಿದ್ರೆ ಆ ಮೂಲೆ ಬಿಟ್ಟು ಈಚೆಗೆ ಬೀಳುತ್ತಂತೆ. ಕೂತ್ಕೋ ಸುಮ್ನೆ,” ಎಂದ ಮೂರ್ತಿ.

ಕೊನೆಗೆ ರಾಜಿಯಾಯಿತು. ಮೂಲೆ ರೇಡಿಯೋದವನು ಹೇಳಿದ್ದೇ, ಆದರೆ ಗಿರಿಜ ಪೂರ್ವಕ್ಕೆ ಮುಖ ಮಾಡಿ ಕೂತಳು. ಹಾಗೆ ಕೂತಾಗ ಅವಳ ಕಣ್ಣಿಗೆ ನೇರ ಕಂಡದ್ದು ಪಿಂಗ್‌ಪಾಂಗ್ ಟೇಬಲ್ಲಿನ ಕೆಳಗೆ ಮಂಡಿ ಮಡಚಿ, ಕತ್ತಿನ ಮೇಲೆ ಎರಡೂ ಕೈ ಕಟ್ಟಿಕೊಂಡು ಮುದುಡಿದ್ದ ವರ. ಶೀಲಾ ಅವನ ಪಕ್ಕದಲ್ಲಿ ಅದೇ ಭಂಗಿಯಲ್ಲಿ ಕೂತು, “ಯು ಆರ್ ಡೂಯಿಂಗ್ ಇಟ್ ರೈಟ್,” ಎಂದು ಶಹಭಾಸ್‌ಗಿರಿ ಕೊಟ್ಟಳು. ಅವಳ ಸ್ಕೂಲಿನಲ್ಲಿ ಹಾಗೆಯೇ ಹೇಳಿಕೊಟ್ಟಿದ್ದರಂತೆ.

ದೀಪ ಹೋಯಿತು. ಮನೆ ಒಮ್ಮೆ ಮೈ ಕೊಡವಿದ ಹಾಗಾಯಿತು, ಕಿವಿ ಗವ್ ಎಂದು ಮುಚ್ಚಿಕೊಂಡಿತು. ನಾನು ಮನಸ್ಸಿನಲ್ಲೇ ಚಾಮುಂಡಿಗೆ ಹರಕೆ ಹೊತ್ತೆ. ಆಮೇಲೆ ಬರೀ ಮಳೆಯ ಸದ್ದು. ಗಾಳಿ ನಮ್ಮನ್ನು ಬಿಟ್ಟು ಕೆಲವು ಮೈಲಿ ಆಚೆ, ಪ್ಲೇನ್‌ಫೀಲ್ಡ್ ಕಡೆಯ ಹೊಲಗಳ ಮೇಲೆ ಹಾದುಹೋಗಿತ್ತು. ಟಾರ್ಚಿನ ಬೆಳಕಿನಲ್ಲಿ ಗಿರಿಜ ಉಳಿದಿದ್ದ ಉಪ್ಪಿಟ್ಟನ್ನು ತಂದು ಗುರುರಾಜನ ಮುಂದೆ ಇಟ್ಟಳು.

“ಉಪ್ಪು ಸರಿಯಾಗಿದೆಯಾ?” ಎಂದು ಕೇಳಿದಳು.

“ಗೊತ್ತಾಗವಲ್ದರೀ,” ಎಂದ. “ಬಾಯಿ ಒಣಗೇದ.”

ಪಾತ್ರೆ ತೊಳೆಯುವಾಗ ಗಿರಿಜಳ ಮುಂದೆ ನಾನು ತೀರ್ಪು ಕೊಟ್ಟೆ. “ಇದು ಆಗೋ ಮಾತಲ್ಲ. ಇವತ್ತು ತಟ್ಟೆ ಬೀಳಿಸಿ ಓಡಿದೋನು ನಾಳೆ ಹೆಂಡ್ತಿ ಮಕ್ಕಳನ್ನ ಬಿಟ್ಟು ಓಡ್ತಾನೆ. ನಿಮ್ಮಪ್ಪನಿಗೆ ನಾನು ಮಾತು ಕೊಟ್ಟಿದೀನಿ.”

ಗಿರಿಜ ತಟ್ಟೆ ಒರೆಸುತ್ತ, “ಮನೆ ನೋಡೋ ಶಾಸ್ತ್ರ ಬಾಕಿ ಇದೆಯಲ್ಲ ಚಿಕ್ಕಪ್ಪ. ಅದೊಂದು ಆಗಲಿ,” ಎಂದಳು.

ಮಿಶಿಗನ್ನಿನ ದಾರಿ

ಮೂರ್ತಿಗೆ ಕೆಲಸ. ಮಾರನೆಯ ಬೆಳಿಗ್ಗೆ ಗುರುರಾಜನ ಕಾರಿನಲ್ಲೇ ನಾವು ಮೂವರೂ ಲಿವೋನಿಯಾಕ್ಕೆ ಹೊರಟೆವು. ವರನೇ ಸಾರಥಿ, ಪಕ್ಕದಲ್ಲಿ ಮುಖ ಗಂಟಿಕ್ಕಿಕೊಂಡ ನಾನು, ಹಿಂದೆ ಹೆಂಗಸರು. ಗಾಳಿ ಬಂದಾಗ ತೂರಿಕೋ ಎನ್ನುತ್ತಾರೆ ನಮ್ಮವರು. ಈ ದೇಶದ ಗಾಳಿ ತೂರುವವನನ್ನೇ ಹೊತ್ತುಕೊಂಡು ಹೋಗುತ್ತದೆ ಎಂದು ದಾರಿಯುದ್ದಕ್ಕೂ ಕಂಡಿತು. ಹೊಲಗಳು ಕೆರೆಯಾಗಿದ್ದವು. ಒಂದು ಕಡೆ ನೀರಿನ ನಡುವೆ ಒಂದು ಫ್ರಿಜ್ಜು, ಬಾಗಿಲು ಹಾಕಿಕೊಂಡು, ನೆಟ್ಟಗೆ ನಿಂತಿತ್ತು. ಅದರ ಮನೆ ಎಲ್ಲಿತ್ತೋ.

ಮುಂದೆ ರಸ್ತೆ ಮುಚ್ಚಿದ್ದರು. ಬಳಸುದಾರಿಯಲ್ಲಿ ಒಂದು ಸಣ್ಣ ಊರು. ಅಲ್ಲಿ ಒಂದು ಸಾಲು ಮನೆಗಳಿಗೆ ಏನೂ ಆಗಿಲ್ಲ, ಕಿಟಕಿಯ ಪರದೆ ಕೂಡ ನೆಟ್ಟಗಿದೆ. ಎದುರು ಸಾಲಿನಲ್ಲಿ ಸಿಮೆಂಟಿನ ಬುನಾದಿ ಮಾತ್ರ. ಒಬ್ಬ ರೈತ ಎಲ್ಲಿಗೂ ಹೋಗದ ಮೂರು ಮೆಟ್ಟಿಲುಗಳ ಮೇಲೆ ಕೂತು ಯಾರೋ ಕೊಟ್ಟ ಸ್ಯಾಂಡ್‌ವಿಚ್ ತಿನ್ನುತ್ತಿದ್ದ. ಅವನ ಹೆಂಡತಿ ಅಂಗಳದಲ್ಲಿ ಬಗ್ಗಿ ಚಮಚಗಳನ್ನು ಆರಿಸುತ್ತಿದ್ದಳು. ಪಕ್ಕದೂರಿನವರು ಕಾರಿನ ಡಿಕ್ಕಿ ತೆರೆದಿಟ್ಟು ಕಾಫಿ ಕೊಡುತ್ತಿದ್ದರು. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಮನೆ ಕಟ್ಟಿ ನೋಡು ಎಂದು ನಾವು ಗಾದೆ ಹೇಳುತ್ತೇವೆ. ಕಟ್ಟಿದ ಮನೆ ಕಣ್ಣೆದುರೇ ಇಲ್ಲವಾದವರಿಗೆ ಹೇಳಲು ನನ್ನ ಬಳಿ ಗಾದೆ ಇರಲಿಲ್ಲ.

ಕಮಲಳಿಗೆ ಆ ಮೌನ ತಡೆಯಲಾಗಲಿಲ್ಲ. ನಮ್ಮಲ್ಲಿ ಸಾವು ನೋವಾದರೆ ಬೀದಿಯ ಹೆಂಗಸರೆಲ್ಲ ಸೇರಿ ಅಳುತ್ತಾರೆ, ಅತ್ತು ಹಗುರಾಗುತ್ತಾರೆ. ಅವಳು ಕಾರಿನಿಂದಿಳಿದು, ಕೆಸರಿನಲ್ಲಿ ಸೀರೆ ಎತ್ತಿಹಿಡಿದು ಹೋಗಿ, ಭಾಷೆ ಬಾರದಿದ್ದರೂ ಆ ಹೆಂಗಸನ್ನು ತಬ್ಬಿಕೊಂಡಳು. ಆಕೆ ಒಂದು ಕ್ಷಣ ಮರಗಟ್ಟಿ ನಿಂತು, ಆಮೇಲೆ ಕಮಲಳ ಹೆಗಲ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತಳು. ಗಂಡ ಸ್ಯಾಂಡ್‌ವಿಚ್ ಕೆಳಗಿಟ್ಟು ಮುಖ ಆ ಕಡೆ ತಿರುಗಿಸಿಕೊಂಡ. ನನ್ನ ಕಣ್ಣೂ ತುಂಬಿತು.

ಕಾರಿನಲ್ಲಿ ಗುರುರಾಜ ಸ್ಟೀರಿಂಗ್ ಬಿಗಿಹಿಡಿದು ಕೂತೇ ಇದ್ದ. ನಾನು ಅವನಿಗೊಂದು ನೆಪ ಒದಗಿಸೋಣವೆಂದು, “ಹಿಂದೆ ಯಾವಾಗ್ಲಾದ್ರೂ ಇಂಥದ್ರಲ್ಲಿ ನಿಮಗೆ ಪೆಟ್ಟು ಬಿದ್ದಿತ್ತಾ?” ಎಂದು ಕೇಳಿದೆ.

“ಇಲ್ರೀ, ಏನೂ ಆಗಿಲ್ಲ,” ಎಂದ. “ಸಣ್ಣಾಂವ ಇದ್ದಾಗಿಂದ ಗುಡುಗು ಅಂದ್ರ ನನಗ ಅಂಜಿಕಿ. ನಿನ್ನೆ ಸೈರನ್ ಕೇಳಿದಕೂಡ್ಲೆ ನನಗ ಯಾರೂ ನೆನಪಾಗ್ಲಿಲ್ರೀ. ತಪ್ಪಾತು.”

ಸುಳ್ಳಾದರೂ ಹೇಳಬಾರದಿತ್ತೇ ಎನ್ನಿಸಿತು ನನಗೆ. ಹಿಂದಿನ ಸೀಟಿನಲ್ಲಿ ಗಿರಿಜ ಕಿಟಕಿಯಾಚೆ ನೋಡುತ್ತಿದ್ದಳು.

ಲಿವೋನಿಯಾ

ಎಲ್ಲ ಮನೆಗಳೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗಿದ್ದ ಬಡಾವಣೆ. ಕಮಲ ಶಾಸ್ತ್ರೋಕ್ತವಾಗಿ ಮನೆ ನೋಡಿದಳು. ಅಡುಗೆಮನೆಯಲ್ಲಿ ಕುಕ್ಕರಿದೆ, ಫ್ರಿಜ್ಜಿನ ಮೇಲೆ ರಾಯರ ಫೋಟೋ ಇದೆ, ಫೋಟೋದ ಮುಂದೆ ಒಣಗಿದ ಹೂ ಇಲ್ಲ. ಅಲ್ಲಿಗೆ ಅವಳು ಅರ್ಧ ಒಲಿದಳು. ನಾನು ಒಲಿಯಲಿಲ್ಲ.

ಕಾಫಿ ಕುಡಿಯುವ ಹೊತ್ತಿಗೆ ಮತ್ತೆ ಮಳೆ. ಊರಿನ ಚರಂಡಿಗಳು ಆಗಲೇ ತುಂಬಿದ್ದವು. ಬೇಸ್‌ಮೆಂಟಿನ ನೆಲದ ತೂಬಿನಿಂದ ನೀರು ಗುಳುಗುಳು ಎಂದು ಮೇಲಕ್ಕೆ ಬರತೊಡಗಿತು, ಸ್ವಲ್ಪದರಲ್ಲೇ ಮೊಣಕಾಲು ಮುಟ್ಟಿತು. ಅಷ್ಟರಲ್ಲಿ ಸೈರನ್ ಶುರುವಾಯಿತು. ಹೆದರುವವನ ಮೇಲೆ ಹಾವು ಎಸೆಯುವುದು ಎಂದರೆ ಇದೇ. ಗಾಳಿಯಿಂದ ಉಳಿಯಲು ಕೆಳಗೆ ಹೋಗಬೇಕು, ನೀರಿನಿಂದ ಉಳಿಯಲು ಮೇಲಿರಬೇಕು.

ಗುರುರಾಜನ ಮುಖ ಸುಣ್ಣದಂತಾಗಿತ್ತು. ಆದರೂ ಬಚ್ಚಲುಮನೆಯ ಬಾಗಿಲು ತೆರೆದು, “ಮನಿ ನಟ್ಟನಡುವಿನ ಖೋಲಿ ಇದರೀ, ಕಿಡಕಿ ಇಲ್ಲ. ಟಬ್ಬಿನಾಗ ಕೂಡ್ರಿ,” ಎಂದ. ನಾವು ಮೂವರೂ ಬರಿದಾದ ಟಬ್ಬಿನಲ್ಲಿ ಇಡ್ಲಿ ತಟ್ಟೆಯಲ್ಲಿ ಕೂತ ಹಾಗೆ ಕೂತೆವು. ಅವನು ಮಂಚದ ಮೇಲಿನ ಹಾಸಿಗೆಯನ್ನು ಎಳೆದು ತಂದು ನಮ್ಮ ತಲೆಯ ಮೇಲೆ ಮರೆಯಿಟ್ಟ. ಅಷ್ಟರಲ್ಲಿ ಒಂದು ಗುಡುಗು ನೆತ್ತಿಯ ಮೇಲೇ ಸಿಡಿಯಿತು. ಅವನು ಬಾಗಿಲಿನಲ್ಲಿ ನಿಂತುಬಿಟ್ಟ. ಮುಂದೆ ಬರಲೊಲ್ಲ, ಹಿಂದೆ ಹೋಗಲೊಲ್ಲ. ನಾನು ಕೂಗಿದೆ, ಅವನಿಗೆ ಕೇಳಿಸಲಿಲ್ಲ.

ಗಿರಿಜ ಹಾಸಿಗೆ ಸರಿಸಿ ಎದ್ದಳು. ಟಬ್ಬಿನಿಂದ ಇಳಿದು ಹೋಗಿ ಅವನ ಬಲಗೈ ಹಿಡಿದು, “ಬನ್ನಿ, ಇಲ್ಲಿ ಜಾಗ ಇದೆ,” ಎಂದು ಕರೆತಂದು ಕೂರಿಸಿದಳು. ನನ್ನ ಛತ್ರದಲ್ಲಿ ಲೆಕ್ಕವಿಲ್ಲದಷ್ಟು ಸಲ ವರ ವಧುವಿನ ಕೈ ಹಿಡಿದದ್ದನ್ನು ಕಂಡಿದ್ದೇನೆ. ವಧು ಹೋಗಿ ವರನ ಕೈ ಹಿಡಿದದ್ದನ್ನು ಅಂದೇ ಕಂಡದ್ದು. ಇಷ್ಟು ದಿನ ಇಬ್ಬರನ್ನೂ ಮಾತಾಡಗೊಡದ ಕಮಲ ಕತ್ತಲಲ್ಲಿ ನನ್ನ ಕಿವಿಯ ಬಳಿ, “ಪಾಣಿಗ್ರಹಣ ಆಗೋಯ್ತು ಬಿಡಿ,” ಎಂದಳು.

ನಾಲ್ಕು ಜನ, ಒಂದು ಟಬ್ಬು. ಸೂರಿನ ಮೇಲೆ ಏನೇನೋ ಬಡಿಯುತ್ತಿತ್ತು.

“ಭಾಳ ಅಂಜಿಕಿ ಆಗೇದರೀ,” ಎಂದಿತು ಅವನ ಧ್ವನಿ.

“ನಂಗೂನು,” ಎಂದಳು ಗಿರಿಜ.

ಲಿವೋನಿಯಾ, ಮರುದಿನ

ನಮಗೆ ಏನೂ ಆಗಲಿಲ್ಲ. ಬೀದಿಯ ಕೊನೆಯ ಮನೆಯ ಚಾವಣಿ ಹಾರಿಹೋಗಿತ್ತು, ಮನೆಯವರು ಬದುಕಿದ್ದರು. ಬಿಸಿಲು ಏನೂ ಗೊತ್ತಿಲ್ಲದ ಹಾಗೆ ಬಂದಿತ್ತು. ಬೀದಿಯವರೆಲ್ಲ ಬಕೆಟ್ಟು ಹಿಡಿದು ತಮ್ಮ ತಮ್ಮ ಬೇಸ್‌ಮೆಂಟಿನ ನೀರು ಎತ್ತುತ್ತಿದ್ದರು. ನಮ್ಮದರಲ್ಲಿ ಗುರುರಾಜ ಕೆಳಗೆ ನಿಂತು ತುಂಬಿಕೊಡುತ್ತಿದ್ದ, ಗಿರಿಜ ಮೆಟ್ಟಿಲ ಮೇಲಿಂದ ಇಸಿದುಕೊಳ್ಳುತ್ತಿದ್ದಳು, ನಾನು ಅಂಗಳಕ್ಕೆ ಚೆಲ್ಲುತ್ತಿದ್ದೆ. ಮೈಸೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿಯಾಗಿತ್ತು. ಬಕೆಟ್ಟು ಕೊಡಲು ಅಂಗಳಕ್ಕೆ ಬಂದ ಗಿರಿಜಳನ್ನು ತಡೆದು ಕೇಳಿದೆ.

“ನಿಮ್ಮಪ್ಪನಿಗೆ ಏನು ಹೇಳಲಮ್ಮ? ಹುಡುಗ ಒಳ್ಳೆಯವನೇ, ಇಲ್ಲ ಅನ್ನಲ್ಲ. ಆದ್ರೆ ಧೈರ್ಯ ಇಲ್ವಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಗುಡುಗಿಗೆ ಇಷ್ಟು ಹೆದರೋರು ಅವತ್ತು ಆ ಮಳೇಲಿ ಅಷ್ಟು ದೂರ ಒಬ್ರೇ ಡ್ರೈವ್ ಮಾಡ್ಕೊಂಡು ಬಂದ್ರಲ್ಲ ಚಿಕ್ಕಪ್ಪ, ನನ್ನ ನೋಡಕ್ಕೆ. ಅದನ್ನ ಯಾರೂ ಲೆಕ್ಕಕ್ಕೇ ಇಡ್ಲಿಲ್ಲ.”

ನಾನು ಬಕೆಟ್ಟಿನ ನೀರು ಚೆಲ್ಲಿದೆ. ಅವಳೇ ಮುಂದುವರಿಸಿದಳು. “ಧೈರ್ಯಸ್ಥರನ್ನ ನಾನು ನೋಡಿದೀನಿ. ಅಮ್ಮನ ಕಾಯಿಲೆಲಿ ಅಪ್ಪ ಒಂದಿನ ಕಣ್ಣೀರು ಹಾಕ್ಲಿಲ್ಲ. ಏನೂ ಆಗಲ್ಲ, ಏನೂ ಆಗಲ್ಲ ಅಂತಲೇ ಇದ್ರು. ಅಮ್ಮನಿಗೆ ಗೊತ್ತಿತ್ತು. ಭಯ ಆಗ್ತಿದೆ ಅಂತ ಅವಳು ಯಾರ ಹತ್ರ ಹೇಳ್ಕೋಬೇಕಿತ್ತು? ಒಬ್ಬಳೇ ಹೆದರ್ಕೊಂಡು ಹೋದ್ಲು. ನಂಗೆ ಹಾಗಾಗೋದು ಬೇಡ.”

ಬಕೆಟ್ಟು ತೆಗೆದುಕೊಂಡು ಒಳಗೆ ಹೋದಳು. ಆಸ್ಪತ್ರೆಯ ವರಾಂಡದಲ್ಲಿ ನಾನೂ ರಾಮಸ್ವಾಮಿಯವರ ಪಕ್ಕದಲ್ಲಿ ಕೂತಿದ್ದವನೇ. ಎಂಥ ಗಟ್ಟಿ ಮನುಷ್ಯ ಎಂದು ಆಗ ಹೆಮ್ಮೆಪಟ್ಟಿದ್ದೆ.

ಸಂಜೆ ಲೈನ್ ಸಿಕ್ಕಿತು. ಮೈಸೂರಿನಲ್ಲಿ ಬೆಳಗಾಗಿತ್ತು. ನನ್ನ ಛತ್ರದ ಫೋನಿನ ಹತ್ತಿರ ರಾಮಸ್ವಾಮಿಯವರನ್ನು ಕರೆಸಿದ್ದರು. ಸಮುದ್ರದ ಸದ್ದಿನ ಆಚೆಯಿಂದ ಅವರ ಉಬ್ಬಸದ ಉಸಿರು ಕೇಳಿಸಿತು.

“ಹುಡುಗ ಹೇಗೆ?” ಎಂದು ಕೂಗಿದರು.

“ಹೆದರುಪುಕ್ಕಲ, ಭಾವ,” ಎಂದು ನಾನೂ ಕೂಗಿದೆ. ಪಕ್ಕದಲ್ಲಿದ್ದ ಗುರುರಾಜ ತಲೆ ತಗ್ಗಿಸಿದ. “ಆದ್ರೆ ಹೆದರಿಕೆ ಅಂತ ಬಾಯ್ಬಿಟ್ಟು ಹೇಳ್ತಾನೆ. ಗಿರಿಜ ಒಪ್ಪಿದಾಳೆ, ನಾನೂ ಒಪ್ಪಿದೀನಿ. ಮುಹೂರ್ತ ನೋಡ್ಸಿ.”

ಲೈನ್ ಕಟ್ಟಾಯಿತೇನೋ ಎಂದು ಹಲೋ ಹಲೋ ಎಂದೆ.

“ಇದೀನಿ,” ಎಂದರು. “ಪೇಪರಲ್ಲಿ ಬಂದಿತ್ತು. ನೀವಿರೋ ಕಡೇನೇ ಮನೆಗಳೆಲ್ಲ ಹಾರಿಹೋಯ್ತು ಅಂತ. ನಂಗೆ ತುಂಬಾ ಭಯ ಆಗ್ಬಿಟ್ಟಿತ್ತು ಕಣ್ರೀ. ಅವರಮ್ಮನೂ ಇಲ್ಲ, ಯಾರ ಹತ್ರ ಹೇಳ್ಕೊಳ್ಲಿ ಅಂತ...”

“ಭಾವ, ಒಂದ್ನಿಮಿಷ ತಡೀರಿ,” ಎಂದೆ. “ಇದನ್ನ ಅವಳಿಗೇ ಹೇಳಿ.”

ಫೋನನ್ನು ಗಿರಿಜಳ ಒದ್ದೆ ಕೈಗೆ ಕೊಟ್ಟೆ. ಅವಳು ಕಿವಿಗೆ ಒತ್ತಿ ಹಿಡಿದುಕೊಂಡು ಕೇಳಿದಳು. ಆಮೇಲೆ ಗೋಡೆಗೆ ಒರಗಿ ನೆಲದ ಮೇಲೆ ಕೂತು, “ಹೌದಾ ಅಪ್ಪ?” ಎಂದಳು.